ಹಂಚಿಕೆಯ ಸರ್ವರು ಮತ್ತು ಎಲ್ಲೆಕಟ್ಟು

೧. ವಿಷಯಪ್ರವೇಶ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ವಿದ್ವಾಂಸರ ಕೈಗೆ ಒಟ್ಟಾಗಿ ದೊರೆತುದು ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ' ಮಾಲೆಯ ಮೂರನೆಯ ಸಂಪುಟದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಆ ಮಾಲೆಯನ್ನು ಪರಿಷ್ಕರಿಸಿ ಪ್ರಕಟಿಸಿದಾಗ ನಂಜನಗೂಡಿನ ಶಾಸನಗಳು ೧೯೭೪ರ ಮೂರನೆಯ ಸಂಪುಟಕ್ಕೂ, ನರಸೀಪುರದ ಶಾಸನಗಳು ೧೯೭೬ರ ಐದನೆಯ ಸಂಪುಟಕ್ಕೂ ಸೇರಿದುವು. ಇಂದು ಶಾಸನಪಾಠಗಳನ್ನಾಗಲಿ, ಹಳಗನ್ನಡದ ಕಾವ್ಯಗಳನ್ನಾಗಲಿ, ಊರೂರಿನಲ್ಲಿ ಸಂಗ್ರಹಿಸಿದ ಜಾನಪದ ಗೀತೆಗಳನ್ನಾಗಲಿ ಓದುಗರು ಗ್ರಂಥಭಂಡಾರದಲ್ಲಿ ಅರಸುವುದಕ್ಕಿಂತ ಹೆಚ್ಚಾಗಿ ಜಾಲತಾಣಗಳಲ್ಲಿ ಅರಸುತ್ತಾರೆ. ಆದರೆ ಆ ತಾಣಗಳು ಎಲ್ಲಿ ನೆಲಸಿವೆ, ಅವುಗಳ ನೆರೆಯಲ್ಲಿ ಯಾರಿದ್ದಾರೆ, ಅವುಗಳನ್ನು ಕಾಯುವವರು ಯಾರು ಎಂಬ ವಿಚಾರವು ಸಾಹಿತ್ಯವ್ಯಾಸಂಗ ಮಾಡುವವರ ಲಕ್ಷ್ಯಕ್ಕೆ ಬರುವುದು ಅಪೂರ್ವ.

ಈ ವಿಚಾರವು ಯಂತ್ರಜ್ಞರಿಗೆ ಮಾತ್ರ ಸೇರಿದುದೆಂದು ಭಾವಿಸುವುದು ಸರಿಯಲ್ಲ. ಮುದ್ರಿತ ಗ್ರಂಥದಲ್ಲಿ ದೋಷವೊಂದು ನುಸುಳಿದರೆ ಅದು ಎಲ್ಲ ಪ್ರತಿಗಳಲ್ಲಿಯೂ ಒಂದೇ ಬಗೆಯಾಗಿ ಉಳಿದಿರುತ್ತದೆ. ತಪ್ಪೊಪ್ಪುಗಳ ಪಟ್ಟಿಯಿಂದ ಅದನ್ನು ತಿದ್ದಿಕೊಳ್ಳಬಹುದು. ಓಲೆಯ ಪ್ರತಿಯಲ್ಲಿ ಲಿಪಿಕಾರನು ತಾನಾಗಿ ಏನನ್ನಾದರೂ ಸೇರಿಸಿದ್ದರೆ ಬೇರೆ ಪ್ರತಿಗಳೊಡನೆ ಹೋಲಿಸಿ ಆ ಪ್ರಕ್ಷಿಪ್ತವನ್ನು ಬೇರ್ಪಡಿಸಬಹುದು. ಜಾಲತಾಣದ ಸ್ಥಿತಿಯೇ ಬೇರೆ. ಅಲ್ಲಿ ಮೂಲಪ್ರತಿ ಒಂದು, ಓದುವವರು ಸಾವಿರಾರು ಮಂದಿ. ಆ ಒಂದನ್ನು ಯಾರಾದರೂ ಕದ್ದು ತಿದ್ದಿದರೆ ಆ ಗಳಿಗೆಯಿಂದ ಎಲ್ಲರೂ ಓದುವುದು ತಿದ್ದಿದ ಪಾಠವನ್ನೇ. ಹಿಂದಿನ ಪಾಠದ ಗುರುತು ಕೂಡ ಉಳಿಯಬೇಕೆಂಬುದಿಲ್ಲ. ಆದಕಾರಣ ಸರ್ವರಿನ ರಕ್ಷಣೆಯು ಪಾಠದ ರಕ್ಷಣೆಯೂ ಆಗಿದೆ.

ಸಣ್ಣ ಸಂಘಗಳೂ ಶಾಲೆ ಕಾಲೇಜುಗಳೂ ಪ್ರಕಾಶಕರೂ ತಮ್ಮ ತಾಣಗಳನ್ನು ಸಾಮಾನ್ಯವಾಗಿ ಇರಿಸುವುದು ಅನೇಕರು ಹಂಚಿಕೊಂಡ ಸರ್ವರುಗಳಲ್ಲಿ. ಅಲ್ಲಿ ಒಬ್ಬನ ಅಜಾಗರೂಕತೆಯಿಂದ ಇನ್ನೊಬ್ಬನಿಗೆ ಹಾನಿಯಾಗದಂತೆ ತಡೆಯುವುದು ಹೇಗೆಂಬುದೇ ಈ ಲೇಖನದ ವಿಷಯ.

೨. ಹಂಚಿಕೆಯ ಸರ್ವರೆಂದರೇನು

ಸರ್ವರೆಂಬುದು ಹಗಲಿರುಳೂ ನಡೆಯುತ್ತಿದ್ದು, ದೂರದಿಂದ ಕೇಳಿದವರಿಗೆ ಕೇಳಿದ ಪುಟವನ್ನು ಒದಗಿಸುವ ಗಣಕಯಂತ್ರ. ಇಂಥ ಯಂತ್ರವೊಂದನ್ನು ಇಡಿಯಾಗಿ ಬಾಡಿಗೆಗೆ ಹಿಡಿಯುವುದು ಸಣ್ಣ ಸಂಘಕ್ಕೆ ಶಕ್ಯವೂ ಅಲ್ಲ, ಆವಶ್ಯಕವೂ ಅಲ್ಲ. ದಿನಕ್ಕೆ ಐವತ್ತು ಮಂದಿ ಓದುವ ತಾಣಕ್ಕೆ ಯಂತ್ರದ ಶಕ್ತಿಯಲ್ಲಿ ಅತ್ಯಲ್ಪ ಭಾಗವೇ ಸಾಕು. ಆದುದರಿಂದ ಹೋಸ್ಟಿಂಗ್ ಸಂಸ್ಥೆಗಳು ಒಂದೇ ಯಂತ್ರದಲ್ಲಿ ನೂರಾರು ಗ್ರಾಹಕರ ತಾಣಗಳನ್ನು ಇರಿಸಿ, ವೆಚ್ಚವನ್ನು ಎಲ್ಲರಿಗೂ ಹಂಚುತ್ತವೆ.

ಇದು ಸಾಧ್ಯವಾದುದಕ್ಕೆ ತಾಂತ್ರಿಕವಾದ ಕಾರಣವೊಂದುಂಟು. ಅಂತರ್ಜಾಲದ ಹಳೆಯ ಕ್ರಮದಲ್ಲಿ ಯಂತ್ರಗಳ ವಿಳಾಸಸಂಖ್ಯೆಗಳು ಒಟ್ಟು ಸುಮಾರು ೪೨೯ ಕೋಟಿ ಮಾತ್ರ. ತಾಣಕ್ಕೊಂದರಂತೆ ಕೊಡುತ್ತ ಹೋದರೆ ಅವು ಬೇಗನೆ ಮುಗಿಯುವುವು. ೧೯೯೭ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ ೧.೧ ಎಂಬ ನಿಯಮಾವಳಿಯು, ಪುಟವನ್ನು ಕೇಳುವವನು ತಾನು ಯಾವ ತಾಣದ ಪುಟವನ್ನು ಕೇಳುತ್ತಿರುವೆನೆಂಬುದನ್ನು ಹೆಸರಿಟ್ಟು ಹೇಳಬೇಕೆಂದು ವಿಧಿಸಿತು. ಅಂದಿನಿಂದ ಒಂದೇ ವಿಳಾಸಸಂಖ್ಯೆಯ ಕೆಳಗೆ ಎಷ್ಟು ತಾಣಗಳನ್ನಾದರೂ ನಿಲ್ಲಿಸುವುದು ಸುಲಭವಾಯಿತು.

ಇದರ ಸ್ವರೂಪವನ್ನು ತಿಳಿಯಲು ಈ ಎರಡು ತಾಲ್ಲೂಕುಗಳ ನೀರಾವರಿಯನ್ನೇ ನೋಡಬಹುದು. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ಕಪಿಲೆಗೆ ಅಡ್ಡಲಾಗಿಯೂ, ನರಸೀಪುರ ತಾಲ್ಲೂಕಿನ ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿಯೂ ಹಳೆಯ ಅಣೆಕಟ್ಟುಗಳಿವೆ. ಎರಡನೆಯದು ಮಾಧವಮಂತ್ರಿಯ ಹೆಸರಿನದು. ಅವುಗಳಿಂದ ಹೊರಟ ಕಾಲುವೆಗಳು ಅನೇಕ ಗ್ರಾಮಗಳ ಗದ್ದೆಗಳಿಗೆ ನೀರುಣಿಸುತ್ತವೆ. ಒಬ್ಬೊಬ್ಬ ರೈತನು ಒಂದೊಂದು ಅಣೆಯನ್ನು ಕಟ್ಟಿಸಲಾರನು. ಆದಕಾರಣ ಕಾಲುವೆಯು ಎಲ್ಲರದು, ಗದ್ದೆ ಅವರವರದು. ತೂಬನ್ನು ತೆರೆದು ಮುಚ್ಚಿ ನೀರನ್ನು ಸರದಿಯಂತೆ ಬಿಡುವ ಕೆಲಸವು ಹಿಂದಿನಿಂದಲೂ ನೀರುಗಂಟಿಯದು. ಯಾವ ಗದ್ದೆಯಲ್ಲಿ ಏನನ್ನು ಬೆಳೆಯಬೇಕೆಂದು ಅವನು ಹೇಳುವುದಿಲ್ಲ. ಆದರೆ ಒಬ್ಬನು ಏರಿಯನ್ನು ಕಡಿದರೆ ಕೆಳಗಿನವರ ಪೈರು ಒಣಗುವುದು, ನೆರೆಯವನ ಪೈರು ಕೊಳೆಯುವುದು. ಹೋಸ್ಟಿಂಗ್ ಸಂಸ್ಥೆಯ ಸ್ಥಾನವು ಹೆಚ್ಚುಕಡಮೆ ಈ ನೀರುಗಂಟಿಯದು.

ಸರ್ಕಾರದ ಕಡೆಯಲ್ಲಿಯೂ ಇಂಥ ಸಮಾನಾಶ್ರಯವನ್ನು ಹೋಲುವ ಏರ್ಪಾಡುಗಳುಂಟು. ಕರ್ಣಾಟಕದ ಪೌರಸಂಸ್ಥೆಗಳ ತಾಣಗಳು ಒಂದೇ ಮೂಲನಾಮದ ಕವಲುಗಳಾಗಿ ಏರ್ಪಟ್ಟಿವೆ. ನಂಜನಗೂಡಿನ ನಗರಸಭೆಯ ತಾಣವೂ ನರಸೀಪುರದ ಪುರಸಭೆಯ ತಾಣವೂ ಈ ಏರ್ಪಾಡಿಗೆ ಸೇರಿದುವು. ನೂರಾರು ಊರುಗಳಿಗೆ ಒಂದೇ ಆಶ್ರಯವನ್ನು ಕಲ್ಪಿಸುವುದರಿಂದ ವೆಚ್ಚವೂ ಶ್ರಮವೂ ಉಳಿಯುತ್ತವೆ. ಉಳಿತಾಯವು ಎಷ್ಟು ದೊಡ್ಡದೋ, ಆ ಆಶ್ರಯವನ್ನು ಕಾಯುವ ಹೊಣೆಯೂ ಅಷ್ಟೇ ದೊಡ್ಡದು.

೩. ದೋಷದ ಮೂಲ

ಮೊದಮೊದಲಿನ ಜಾಲತಾಣಗಳು ಬರೆದಿಟ್ಟ ಪುಟಗಳ ಕಟ್ಟುಗಳಂತಿದ್ದುವು. ಅವುಗಳಿಂದ ಯಂತ್ರಕ್ಕೆ ಅಪಾಯವು ಅಲ್ಪ. ಈಗಿನ ತಾಣಗಳಾದರೋ ಬಹುಮಟ್ಟಿಗೆ ಕಾರ್ಯಕ್ರಮಗಳು. ಓದುಗನು ಕೇಳಿದಾಗ ಡೇಟಾಬೇಸಿನಿಂದ ವಿಷಯವನ್ನು ತೆಗೆದು, ಆಗಲೇ ಪುಟವನ್ನು ರಚಿಸಿಕೊಡುತ್ತವೆ. ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಭಾಷೆ ೧೯೯೫ರಲ್ಲಿ ಬಹಿರಂಗವಾದ ಪಿಎಚ್‌ಪಿ. ಅದರಲ್ಲಿ ರಚಿತವಾದ ಸಿದ್ಧ ತಂತ್ರಾಂಶಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೨೦೦೩ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್. ಇವುಗಳ ನೆರವಿನಿಂದ ಕಾರ್ಯಕ್ರಮರಚನೆಯನ್ನು ಅರಿಯದವರೂ ತಾಣವನ್ನು ಕಟ್ಟಬಲ್ಲರು. ಅದೇ ಅವುಗಳ ಗುಣ. ಅಪಾಯವೂ ಅಲ್ಲಿಯೇ ಅಡಗಿದೆ. ಕಟ್ಟಿದವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ತಾಣವು ಹಾಗೆಯೇ ನಿಂತಿರುತ್ತದೆ. ತಂತ್ರಾಂಶವು ವರ್ಷ ವರ್ಷಕ್ಕೂ ಹಳೆಯದಾಗುತ್ತದೆ.

ದೋಷಗಳಲ್ಲಿ ಮುಖ್ಯವಾದುವು ಮೂರು ಬಗೆ. ಮೊದಲನೆಯದು, ಓದುಗನು ಕೊಟ್ಟ ಮಾತನ್ನು ಪರೀಕ್ಷಿಸದೆ ಡೇಟಾಬೇಸಿಗೆ ಆಜ್ಞೆಯಾಗಿ ಒಪ್ಪಿಸುವುದು. ಹುಡುಕುವ ಪೆಟ್ಟಿಗೆಯಲ್ಲಿ ಪದದ ಬದಲು ಆಜ್ಞೆಯ ತುಣುಕನ್ನು ಬರೆದವನಿಗೆ ಆಗ ಡೇಟಾಬೇಸೇ ವಶವಾಗುತ್ತದೆ. ಎರಡನೆಯದು, ಚಿತ್ರವನ್ನೋ ದಾಖಲೆಯನ್ನೋ ಕಳುಹಿಸಲು ತೆರೆದ ಬಾಗಿಲಿನಲ್ಲಿ ಕಾರ್ಯಕ್ರಮದ ಕಡತವನ್ನೂ ಒಳಗೆ ಬಿಡುವುದು. ಒಳಗೆ ಬಂದ ಕಡತವನ್ನು ಆಕ್ರಮಣಕಾರನು ದೂರದಿಂದಲೇ ನಡೆಸಿ, ತಾಣದ ಯಜಮಾನನಂತೆ ವರ್ತಿಸಬಲ್ಲನು. ಮೂರನೆಯದು, ದೋಷವು ಲೋಕಕ್ಕೆಲ್ಲ ತಿಳಿದು ಪರಿಹಾರವೂ ಪ್ರಕಟವಾದ ಮೇಲೆಯೂ ಹಳೆಯ ತಂತ್ರಾಂಶವನ್ನೇ ಇಟ್ಟುಕೊಂಡಿರುವುದು.

ಮೂರನೆಯ ಬಗೆಯ ದೋಷವು ಎಷ್ಟು ಬೇಗ ಫಲಿಸುತ್ತದೆಂಬುದಕ್ಕೆ ನಿದರ್ಶನಗಳಿವೆ. ೨೦೦೪ರ ಡಿಸೆಂಬರಿನಲ್ಲಿ 'ಸ್ಯಾಂಟಿ' ಎಂಬ ಹುಳುವು ಪಿಎಚ್‌ಪಿಬಿಬಿ ಎಂಬ ಚರ್ಚಾಮಂಡಲಿಯ ತಂತ್ರಾಂಶದ ದೋಷದ ಮೂಲಕ ಸಾವಿರಾರು ತಾಣಗಳಿಗೆ ನುಗ್ಗಿತು. ದೋಷವುಳ್ಳ ತಾಣಗಳನ್ನು ಅದು ಗೂಗಲ್ ಶೋಧಯಂತ್ರದ ಮೂಲಕವೇ ಅರಸುತ್ತಿತ್ತು; ಕೈಗೆ ನಿಲುಕಿದ ಪುಟಗಳ ಮೇಲೆ ತನ್ನ ಘೋಷಣೆಯನ್ನು ಬರೆಯುತ್ತಿತ್ತು. ಗೂಗಲ್ ಸಂಸ್ಥೆಯು ಆ ಬಗೆಯ ಶೋಧಗಳನ್ನು ತಡೆದ ಮೇಲೆ ಅದರ ವೇಗವು ಕುಗ್ಗಿತು. ೨೦೧೪ರ ಅಕ್ಟೋಬರ್ ೧೫ರಂದು ದ್ರುಪಾಲ್ ತಂತ್ರಾಂಶದ ಕರ್ತೃಗಳು ಡೇಟಾಬೇಸಿಗೆ ಸಂಬಂಧಿಸಿದ ಗುರುತರ ದೋಷವೊಂದನ್ನೂ ಅದರ ಪರಿಹಾರವನ್ನೂ ಒಟ್ಟಿಗೆ ಪ್ರಕಟಿಸಿದರು. ಎರಡು ವಾರಗಳ ಅನಂತರ ಅವರೇ ಹೊರಡಿಸಿದ ಎಚ್ಚರಿಕೆಯಲ್ಲಿ, ಪ್ರಕಟಣೆಯಾದ ಏಳು ಗಂಟೆಗಳೊಳಗಾಗಿ ಸರಿಪಡಿಸಿಕೊಳ್ಳದ ತಾಣಗಳೆಲ್ಲವೂ ವಶವಾಗಿವೆಯೆಂದೇ ತಿಳಿದು ನಡೆಯತಕ್ಕದ್ದೆಂದು ಸೂಚಿಸಿದರು. ಏಳು ಗಂಟೆಯೆಂದರೆ ಭಾರತದಲ್ಲಿ ಒಂದು ರಾತ್ರಿಯ ನಿದ್ರೆ. ಸಂಬಳವಿಲ್ಲದೆ ಬಿಡುವಿನಲ್ಲಿ ತಾಣವನ್ನು ನೋಡಿಕೊಳ್ಳುವ ಅಧ್ಯಾಪಕನಿಂದ ಅಷ್ಟು ಶೀಘ್ರತೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇದರಿಂದ ತಿಳಿದುಬರುವ ಸಂಗತಿ ಇಷ್ಟು. ನೂರಾರು ಗ್ರಾಹಕರಲ್ಲಿ ಯಾರಾದರೊಬ್ಬರ ತಂತ್ರಾಂಶವು ಯಾವಾಗಲೂ ದೋಷಯುಕ್ತವಾಗಿಯೇ ಇರುತ್ತದೆ. ಎಲ್ಲರೂ ಜಾಣರೂ ಜಾಗರೂಕರೂ ಆಗಿರುವರೆಂಬ ನಂಬಿಕೆಯ ಮೇಲೆ ಯಂತ್ರವನ್ನು ನಡೆಸಲಾಗದು.

೪. ಹಾನಿಯು ಹಬ್ಬುವ ದಾರಿಗಳು

ಒಂದು ತಾಣದಲ್ಲಿ ಹುಟ್ಟಿದ ಹಾನಿಯು ನೆರೆಯ ತಾಣಕ್ಕೆ ಹಬ್ಬುವ ದಾರಿಗಳನ್ನು ಬೇರೆ ಬೇರೆಯಾಗಿ ನೋಡುವುದು ಯುಕ್ತ. ದಾರಿ ಬೇರೆಯಾದರೆ ತಡೆಯೂ ಬೇರೆಯಾಗುತ್ತದೆ.

ಮೊದಲನೆಯ ದಾರಿ ಸಮಾನವಾದ ಅಧಿಕಾರ. ಸರ್ವರುಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಲಿನಕ್ಸ್ ಮೊದಲಾದ ವ್ಯವಸ್ಥೆಗಳು ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನನ್ನು ಗೊತ್ತುಮಾಡಿ, ಒಡೆಯನು, ಅವನ ಗುಂಪು, ಉಳಿದವರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ, ನಡೆಸುವ ಹಕ್ಕುಗಳನ್ನು ಪ್ರತ್ಯೇಕವಾಗಿ ವಿಧಿಸುತ್ತವೆ. ಆದರೆ ಹಿಂದೆ ಅನೇಕ ಸರ್ವರುಗಳಲ್ಲಿ ಎಲ್ಲ ಗ್ರಾಹಕರ ಕಾರ್ಯಕ್ರಮಗಳನ್ನೂ ಸರ್ವರು ತನ್ನ ಒಂದೇ ಹೆಸರಿನಿಂದ ನಡೆಸುತ್ತಿತ್ತು. ಹಾಗಾದಾಗ ಯಂತ್ರದ ದೃಷ್ಟಿಯಲ್ಲಿ ಎಲ್ಲರೂ ಒಬ್ಬನೇ. ಒಬ್ಬನ ಕಾರ್ಯಕ್ರಮವು ಇನ್ನೊಬ್ಬನ ಡೇಟಾಬೇಸಿನ ಗುಪ್ತಪದವನ್ನು ಓದಲು ತಡೆಯೇ ಇರಲಿಲ್ಲ. ಇದರ ಮೇಲೆ, ಕೆಲಸವು ನಡೆಯದಿದ್ದಾಗ ಗ್ರಾಹಕರು ಕಡತಗಳಿಗೆ ೭೭೭ ಎಂಬ ಹಕ್ಕಿನ ಸಂಖ್ಯೆಯನ್ನು ಕೊಡುವ ರೂಢಿಯೂ ಬೆಳೆಯಿತು. ಆ ಸಂಖ್ಯೆಯ ಅರ್ಥವು ಎಲ್ಲರಿಗೂ ಎಲ್ಲ ಹಕ್ಕೂ ಉಂಟೆಂಬುದು.

ಎರಡನೆಯ ದಾರಿ ಸೂಚಕ ಕಡತಗಳದು. ಒಂದು ಕಡತವು ಇನ್ನೊಂದರ ಸ್ಥಾನವನ್ನು ಮಾತ್ರ ತೋರಿಸುವಂತೆ ಮಾಡುವುದು ಈ ವ್ಯವಸ್ಥೆಗಳಲ್ಲಿ ಸಾಧ್ಯ. ದುಷ್ಟನು ತನ್ನ ಕೋಶದಲ್ಲಿ ಇಂಥ ಸೂಚಕವನ್ನು ಇಟ್ಟು, ಅದು ನೆರೆಯವನ ಗುಪ್ತಕಡತವನ್ನು ತೋರಿಸುವಂತೆ ಮಾಡಿದರೆ, ಸರ್ವರು ತನಗಿರುವ ಹೆಚ್ಚಿನ ಹಕ್ಕಿನಿಂದ ಅದನ್ನು ಓದಿ ಅವನ ಕೈಗಿಡುತ್ತದೆ.

ಮೂರನೆಯದು ಯಂತ್ರಶಕ್ತಿಯ ಅಪಹರಣ. ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಐದು ತೇರುಗಳು ಒಂದೇ ರಥಬೀದಿಯಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಮುಂದಿನ ತೇರಿನ ಗಾಲಿಯು ಸಿಲುಕಿದರೆ ಹಿಂದಿನ ತೇರುಗಳಲ್ಲಿ ದೋಷವೇನೂ ಇಲ್ಲದಿದ್ದರೂ ಅವು ನಿಲ್ಲಲೇಬೇಕು. ಹಾಗೆಯೇ ಒಂದು ತಾಣದ ಕೆಟ್ಟ ಕಾರ್ಯಕ್ರಮವು ಯಂತ್ರದ ಗಣನಶಕ್ತಿಯನ್ನೂ ಸ್ಮೃತಿಕೋಶವನ್ನೂ ತಾನೇ ನುಂಗಿದರೆ ಉಳಿದ ತಾಣಗಳೆಲ್ಲ ಸ್ತಬ್ಧವಾಗುತ್ತವೆ.

ನಾಲ್ಕನೆಯದು ಕೆಟ್ಟ ಹೆಸರು. ವಶವಾದ ತಾಣದಿಂದ ಲಕ್ಷಗಟ್ಟಲೆ ವಂಚನೆಯ ಪತ್ರಗಳು ಹೊರಟರೆ, ಅಂಚೆಯನ್ನು ಸ್ವೀಕರಿಸುವ ಸಂಸ್ಥೆಗಳು ಆ ವಿಳಾಸಸಂಖ್ಯೆಯನ್ನೇ ನಿಷೇಧಪಟ್ಟಿಗೆ ಸೇರಿಸುತ್ತವೆ. ವಿಳಾಸವು ಎಲ್ಲರಿಗೂ ಒಂದೇ ಆದುದರಿಂದ ಅದೇ ಯಂತ್ರದಲ್ಲಿರುವ ನಿರಪರಾಧಿಯಾದ ಸಂಘವು ತನ್ನ ಸದಸ್ಯರಿಗೆ ಕಳುಹಿಸಿದ ಸಭಾಸೂಚನೆಯೂ ತಲುಪದೆಹೋಗುತ್ತದೆ.

ಐದನೆಯದು ಎಲ್ಲಕ್ಕಿಂತ ಭಯಂಕರವಾದುದು. ವ್ಯವಸ್ಥೆಯ ತಿರುಳಿನಲ್ಲಿಯೇ ದೋಷವಿದ್ದರೆ ಸಾಮಾನ್ಯ ಗ್ರಾಹಕನ ಹಕ್ಕಿನಿಂದ ಒಳಹೊಕ್ಕವನು ಯಂತ್ರಕ್ಕೇ ಒಡೆಯನಾಗಬಹುದು. ೨೦೧೬ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ 'ಡರ್ಟಿ ಕೌ' ಎಂಬ ಲಿನಕ್ಸ್ ದೋಷವು ಈ ಬಗೆಯದು. ಅದು ೨೦೦೭ರಿಂದಲೂ ಯಾರ ಕಣ್ಣಿಗೂ ಅಷ್ಟಾಗಿ ಬೀಳದೆ ತಿರುಳಿನಲ್ಲಿ ಉಳಿದಿತ್ತು.

೫. ಎಲ್ಲೆಯನ್ನು ಕಟ್ಟುವ ಕ್ರಮ

ಶಾಸನಗಳನ್ನು ಓದಿದವರು ದಾನಭೂಮಿಯ ಎಲ್ಲೆಕಟ್ಟಿನ ವಿವರಗಳನ್ನು ಬಲ್ಲರು. ಮೂಡಲು ಇಂಥ ಕೆರೆ, ತೆಂಕಲು ಇಂಥ ಗುಂಡು, ಪಡುವಲು ಇಂಥ ಮರ ಎಂದು ಗುರುತುಗಳನ್ನು ಹೇಳಿ ಕಲ್ಲು ನೆಡಿಸಿದ ಮೇಲೆ ಕೊನೆಯಲ್ಲಿ ಶಾಪಾಶಯವು ಬರುತ್ತದೆ. ಅಂದರೆ ಶಾಪವನ್ನೊಂದೇ ನಂಬಿ ದಾನವನ್ನು ಬಿಡುತ್ತಿರಲಿಲ್ಲ. ಎಲ್ಲೆಯನ್ನು ನೆಲದಲ್ಲಿ ಕಾಣುವಂತೆ ಮಾಡುತ್ತಿದ್ದರು. ಹೋಸ್ಟಿಂಗ್ ಸಂಸ್ಥೆಗಳು ಗ್ರಾಹಕರಿಂದ ಸಹಿ ಹಾಕಿಸುವ ಕರಾರುಪತ್ರವನ್ನು ಶಾಪಾಶಯಕ್ಕೆ ಹೋಲಿಸಬಹುದು. ಅದು ಬೇಕು, ಆದರೆ ಎಲ್ಲೆಗಲ್ಲಿನ ಕೆಲಸವನ್ನು ಅದು ಮಾಡಲಾರದು.

ಎಲ್ಲೆಯನ್ನು ಯಾವ ಸ್ಥಳದಲ್ಲಿ ನೆಡಬೇಕೆಂಬುದೇ ಇಲ್ಲಿನ ಮುಖ್ಯಪ್ರಶ್ನೆ. ಪಿಎಚ್‌ಪಿ ಭಾಷೆಯಲ್ಲಿಯೇ 'ಸೇಫ್ ಮೋಡ್' ಎಂಬ ಏರ್ಪಾಡೊಂದಿತ್ತು. ಕಾರ್ಯಕ್ರಮವು ತನ್ನ ಒಡೆಯನದಲ್ಲದ ಕಡತವನ್ನು ಮುಟ್ಟದಂತೆ ಭಾಷೆಯೇ ತಡೆಯಬೇಕೆಂಬುದು ಅದರ ಉದ್ದೇಶ. ಆದರೆ ಭಾಷೆಯ ಒಂದು ಬಾಗಿಲನ್ನು ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು. ಬೇರೆ ಭಾಷೆಯ ಕಾರ್ಯಕ್ರಮಗಳಿಗೆ ಈ ತಡೆಯು ಅನ್ವಯಿಸುತ್ತಲೇ ಇರಲಿಲ್ಲ. ಹಂಚಿಕೆಯ ಸರ್ವರಿನ ತೊಡಕನ್ನು ಭಾಷೆಯ ಮಟ್ಟದಲ್ಲಿ ಬಿಡಿಸಹೊರಡುವುದು ರಚನಾದೃಷ್ಟಿಯಿಂದ ತಪ್ಪೆಂದು ಪಿಎಚ್‌ಪಿಯ ಕೈಪಿಡಿಯೇ ಒಪ್ಪಿಕೊಂಡಿತು. ೨೦೦೯ರ ಆವೃತ್ತಿಯಲ್ಲಿ ಈ ಏರ್ಪಾಡನ್ನು ತ್ಯಾಜ್ಯವೆಂದು ಸಾರಿ, ೨೦೧೨ರ ಆವೃತ್ತಿಯಲ್ಲಿ ತೆಗೆದೇ ಹಾಕಿದರು. ಗದ್ದೆಯವನ ಕೈಗೆ ತೂಬಿನ ಬೀಗವನ್ನು ಕೊಟ್ಟು ಸರದಿಯನ್ನು ಪಾಲಿಸೆಂದು ಹೇಳಿದಂತಾಗಿತ್ತು ಅದು. ಎಲ್ಲೆಯು ಇರಬೇಕಾದುದು ಗ್ರಾಹಕನ ಕಾರ್ಯಕ್ರಮದ ಕೆಳಗೆ, ಯಂತ್ರವನ್ನು ಆಳುವ ವ್ಯವಸ್ಥೆಯಲ್ಲಿ.

ಈ ತತ್ತ್ವಕ್ಕೆ ಅನುಸಾರವಾದ ಉಪಾಯಗಳಲ್ಲಿ ಮೊದಲನೆಯದು, ಪ್ರತಿಯೊಬ್ಬ ಗ್ರಾಹಕನ ಕಾರ್ಯಕ್ರಮವನ್ನೂ ಅವನವನ ಹೆಸರಿನಿಂದಲೇ ನಡೆಸುವುದು. ಅಪಾಚೆ ಸರ್ವರಿನ ೧೯೯೭ರ ೧.೨ನೆಯ ಆವೃತ್ತಿಯಲ್ಲಿ ಸೇರಿದ 'ಸುಎಕ್ಸೆಕ್' ಎಂಬ ಸಾಧನವು ಈ ಕೆಲಸವನ್ನು ಮಾಡಿತು. ೨೦೧೦ರಿಂದ ಪಿಎಚ್‌ಪಿಯೊಡನೆಯೇ ಬರುತ್ತಿರುವ 'ಎಫ್‌ಪಿಎಂ' ಎಂಬ ನಿರ್ವಾಹಕವು ಗ್ರಾಹಕನಿಗೊಂದರಂತೆ ಪ್ರತ್ಯೇಕ ತಂಡಗಳನ್ನು ಏರ್ಪಡಿಸಿ, ವೇಗವೂ ಕುಂದದಂತೆ ಇದನ್ನೇ ಸಾಧಿಸುತ್ತದೆ. ಹೆಸರುಗಳು ಬೇರೆಯಾದ ಮೇಲೆ ಕಡತಗಳ ಹಕ್ಕುಗಳಿಗೆ ಅರ್ಥವುಂಟಾಗುತ್ತದೆ; ೭೭೭ ಎಂದು ಕೊಡಬೇಕಾದ ಸಂದರ್ಭವೇ ಒದಗುವುದಿಲ್ಲ. ಸೂಚಕ ಕಡತದ ಒಡೆಯನೂ ಅದು ತೋರಿಸುವ ಕಡತದ ಒಡೆಯನೂ ಒಬ್ಬನೇ ಆಗಿದ್ದರೆ ಮಾತ್ರ ಅದನ್ನು ಅನುಸರಿಸಬೇಕೆಂದು ಸರ್ವರಿಗೆ ವಿಧಿಸಿದರೆ ಎರಡನೆಯ ದಾರಿಯೂ ಬಹುಮಟ್ಟಿಗೆ ಕಿರಿದಾಗುತ್ತದೆ. ಅದನ್ನು ಪೂರ್ಣವಾಗಿ ಮುಚ್ಚಲು ವ್ಯವಸ್ಥೆಯ ತಿರುಳೇ ಈ ಪರೀಕ್ಷೆಯನ್ನು ನಡೆಸಬೇಕು.

ಎರಡನೆಯ ಉಪಾಯವು ನೆರೆಯವರು ಕಣ್ಣಿಗೇ ಬೀಳದಂತೆ ಮಾಡುವುದು. ಕಾರ್ಯಕ್ರಮವೊಂದಕ್ಕೆ ತನ್ನ ಕೋಶವೇ ಇಡಿಯ ಯಂತ್ರವೆಂದು ತೋರುವಂತೆ ಮಾಡುವ ಕ್ರಮವು ೧೯೭೯ರಷ್ಟು ಹಿಂದೆಯೇ ಯುನಿಕ್ಸ್ ವ್ಯವಸ್ಥೆಯಲ್ಲಿ ಹುಟ್ಟಿತು. ೨೦೦೦ದಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಯು ಅದನ್ನು ಬಲಪಡಿಸಿ 'ಜೈಲು' ಎಂಬ ಹೆಸರಿನಿಂದ ಪ್ರಚಾರಕ್ಕೆ ತಂದಿತು. ಇದರ ಹಿನ್ನೆಲೆಯು ಇಲ್ಲಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಹಂಚಿಕೆಯ ಹೋಸ್ಟಿಂಗ್ ನಡೆಸುತ್ತಿದ್ದ ಸಣ್ಣ ಸಂಸ್ಥೆಯೊಂದು ತನ್ನ ಸೇವೆಗಳಿಗೂ ಗ್ರಾಹಕರ ಸೇವೆಗಳಿಗೂ ನಡುವೆ ಸ್ಪಷ್ಟವಾದ ಎಲ್ಲೆಯನ್ನು ಬಯಸಿದುದರಿಂದಲೇ ಅದು ನಿರ್ಮಾಣವಾಯಿತು. ಲಿನಕ್ಸಿನಲ್ಲಿ ಇಂದು ಬಳಕೆಯಲ್ಲಿರುವ ಪಂಜರಗಳೂ ಕಂಟೇನರುಗಳೂ ಇದೇ ವಂಶಕ್ಕೆ ಸೇರಿದುವು.

ಮೂರನೆಯದು ಯಂತ್ರಶಕ್ತಿಯ ಹಂಚಿಕೆ. ೨೦೦೮ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿದ 'ಸಿಗ್ರೂಪ್' ಎಂಬ ಏರ್ಪಾಡಿನಿಂದ ಪ್ರತಿಯೊಬ್ಬ ಗ್ರಾಹಕನಿಗೂ ಗಣನಶಕ್ತಿ, ಸ್ಮೃತಿ ಮೊದಲಾದುವುಗಳ ಮಿತಿಯನ್ನು ಗೊತ್ತುಮಾಡಬಹುದು. ಮಿತಿಯನ್ನು ಮುಟ್ಟಿದ ತಾಣವು ತಾನೊಂದೇ ನಿಧಾನವಾಗುತ್ತದೆ. ಹೊರಗೆ ಹೋಗುವ ಪತ್ರಗಳಿಗೂ ಗಂಟೆಗೆ ಇಷ್ಟೆಂಬ ಮಿತಿಯನ್ನು ಹಾಕಿದರೆ ಎಲ್ಲರ ಹೆಸರೂ ಉಳಿಯುತ್ತದೆ. ನಾಲ್ಕನೆಯದು ಡೇಟಾಬೇಸಿನ ವಿಂಗಡಣೆ: ಪ್ರತಿಯೊಂದು ತಾಣಕ್ಕೂ ಬೇರೆ ಖಾತೆಯೂ ಬೇರೆ ಗುಪ್ತಪದವೂ ಇರತಕ್ಕದ್ದು, ಒಂದು ಖಾತೆಗೆ ಇನ್ನೊಂದರ ಪಟ್ಟಿಗಳು ಕಾಣಕೂಡದು.

ಐದನೆಯದು ಬಾಗಿಲಿನ ಕಾವಲು. ಐವಾನ್ ರಿಸ್ಟಿಚ್ ಎಂಬವರು ೨೦೦೨ರಲ್ಲಿ ರಚಿಸಿದ 'ಮಾಡ್‌ಸೆಕ್ಯುರಿಟಿ' ಎಂಬ ಸಾಧನವು ಒಳಬರುವ ಕೋರಿಕೆಗಳನ್ನು ತಾಣಕ್ಕೆ ತಲುಪುವ ಮೊದಲೇ ಪರೀಕ್ಷಿಸಿ, ಆಕ್ರಮಣದ ಲಕ್ಷಣವಿದ್ದುವನ್ನು ಹಿಂದಿರುಗಿಸುತ್ತದೆ. ಗ್ರಾಹಕನು ತನ್ನ ತಂತ್ರಾಂಶವನ್ನು ಸರಿಪಡಿಸಿಕೊಳ್ಳುವವರೆಗೆ ಇದು ಕಾಲಾವಕಾಶವನ್ನು ದೊರಕಿಸುತ್ತದೆ. ಆದರೆ ಇದಕ್ಕೆ ತಿಳಿಯುವುದು ಲಕ್ಷಣ ಮಾತ್ರ, ಉದ್ದೇಶವಲ್ಲ. ಹೊಸ ಬಗೆಯ ಆಕ್ರಮಣವು ಇದನ್ನು ದಾಟಿ ಹೋಗಬಹುದು. ವ್ಯಾಕರಣಚಿಹ್ನೆಗಳು ತುಂಬಿದ ನಿರ್ದೋಷವಾದ ಬರಹವನ್ನು ಇದು ಅಪಾಯವೆಂದು ತಡೆಯಲೂಬಹುದು. ಆದಕಾರಣ ಕಾವಲುಗಾರನಿರುವನೆಂದು ಒಳಗಿನ ಎಲ್ಲೆಗಳನ್ನು ಸಡಿಲಿಸುವುದು ತಪ್ಪು.

ಕಡೆಯದಾಗಿ, ಎಲ್ಲೆಗಲ್ಲುಗಳೂ ಸವೆಯುತ್ತವೆ. ಡರ್ಟಿ ಕೌ ಪ್ರಕರಣದಲ್ಲಿ ಗ್ರಾಹಕರು ಮಾಡಬಹುದಾದುದು ಏನೂ ಇರಲಿಲ್ಲ. ತಿರುಳನ್ನು ನವೀಕರಿಸುವ ಹಕ್ಕು ಯಂತ್ರದ ಒಡೆಯನೊಬ್ಬನದೇ. ಮೇಲೆ ಹೇಳಿದ ಎಲ್ಲ ಉಪಾಯಗಳೂ ತಿರುಳಿನ ಬಲವನ್ನು ಆಶ್ರಯಿಸಿವೆ. ತಿರುಳನ್ನು ಕಾಲಕಾಲಕ್ಕೆ ನವೀಕರಿಸದವನು ಉಳಿದುದನ್ನೆಲ್ಲ ಮಾಡಿದ್ದರೂ ಏನನ್ನೂ ಮಾಡದವನಿಗೆ ಸಮನು.

೬. ಕಾಯುವವನ ಧರ್ಮ

ಎಲ್ಲೆಯನ್ನು ಕಟ್ಟಿದ ಮೇಲೆ ನಿತ್ಯದ ಕಾವಲು ಉಳಿಯುತ್ತದೆ. ಕಡತಗಳಲ್ಲಿ ಅನಿರೀಕ್ಷಿತವಾದ ಬದಲಾವಣೆಗಳಾಗಿವೆಯೇ ಎಂದು ಶೋಧಿಸುವುದು, ಯಾರು ಯಾವಾಗ ಏನನ್ನು ಕೇಳಿದರೆಂಬ ದಾಖಲೆಯನ್ನು ಕಾಪಾಡುವುದು, ತಾಣಗಳ ಪ್ರತಿಗಳನ್ನು ಬೇರೆ ಯಂತ್ರದಲ್ಲಿ ತೆಗೆದಿಡುವುದು, ಇವು ಅದರ ಅಂಗಗಳು. ಭಾರತದಲ್ಲಿ ಇವುಗಳಲ್ಲಿ ಕೆಲವು ಈಗ ಶಾಸನಬದ್ಧವಾಗಿವೆ. ೨೦೦೪ರಿಂದ ಕಾರ್ಯನಿರತವಾಗಿರುವ 'ಸರ್ಟ್-ಇನ್' ಎಂಬ ಕೇಂದ್ರಸರ್ಕಾರದ ಸಂಸ್ಥೆಯು ಮಾಹಿತಿ ತಂತ್ರಜ್ಞಾನ ಅಧಿನಿಯಮದ ೭೦ಬಿ ಪ್ರಕರಣದ ಮೇರೆಗೆ ೨೦೨೨ರ ಏಪ್ರಿಲ್ ೨೮ರಂದು ನಿರ್ದೇಶಗಳನ್ನು ಹೊರಡಿಸಿತು. ಅವುಗಳ ಪ್ರಕಾರ, ಗೊತ್ತುಪಡಿಸಿದ ಬಗೆಯ ಆಕ್ರಮಣಗಳು ಗಮನಕ್ಕೆ ಬಂದ ಆರು ಗಂಟೆಗಳೊಳಗಾಗಿ ವರದಿಯನ್ನು ಒಪ್ಪಿಸತಕ್ಕದ್ದು. ದಾಖಲೆಗಳನ್ನು ೧೮೦ ದಿನಗಳವರೆಗೆ ಕಾಪಾಡತಕ್ಕದ್ದು.

ವಶವಾದ ತಾಣವನ್ನು ತಡೆಹಿಡಿಯುವ ವಿಷಯದಲ್ಲಿ ನ್ಯಾಯದ ಪ್ರಶ್ನೆಯೊಂದುಂಟು. ನೆರೆಯವರ ಹಿತಕ್ಕಾಗಿ ಕೂಡಲೇ ತೂಬನ್ನು ಮುಚ್ಚಬೇಕೆಂಬುದು ನಿಜ. ಆದರೆ ಆ ತಾಣದ ಒಡೆಯನು ಅಪರಾಧಿಯಲ್ಲ, ಅವನೂ ವಂಚಿತನೇ. ಅವನ ಕಡತಗಳನ್ನು ಅಳಿಸಿಬಿಟ್ಟರೆ ವರ್ಷಗಳ ಸಂಗ್ರಹವು ಒಂದು ಕ್ಷಣದಲ್ಲಿ ನಷ್ಟವಾಗಬಹುದು. ಆಕ್ರಮಣವು ಹೇಗಾಯಿತೆಂಬುದರ ಸಾಕ್ಷ್ಯವೂ ಅದರೊಡನೆ ನಾಶವಾಗುವುದು. ಆದುದರಿಂದ ಲೋಕಕ್ಕೆ ಕಾಣದಂತೆ ತಾಣವನ್ನು ಮುಚ್ಚಿ, ಒಳಗಿನದನ್ನು ಹಾಗೆಯೇ ಉಳಿಸಿ, ಕಾರಣವನ್ನು ತಿಳಿಸಿ, ತಿದ್ದಿಕೊಳ್ಳಲು ಅವಕಾಶವನ್ನು ಕೊಡುವುದೇ ಯುಕ್ತವಾದ ಕ್ರಮ.

ಇನ್ನೊಂದು ಮಾರ್ಗವೂ ಇದೆ. ಗ್ರಾಹಕರು ತಂತ್ರಾಂಶವನ್ನು ತಾವೇ ತರುವುದನ್ನು ನಿಲ್ಲಿಸಿ, ಕಾಯುವವನೇ ಪರೀಕ್ಷಿಸಿದ ಒಂದೇ ಅಚ್ಚನ್ನು ಎಲ್ಲರಿಗೂ ಕೊಡುವುದು ಆ ಮಾರ್ಗ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸರ್ಕಾರಿ ಕಛೇರಿಗಳಿಗಾಗಿ ನಿರ್ಮಿಸಿದ 'ಎಸ್೩ವಾಸ್' ಎಂಬ ವ್ಯವಸ್ಥೆಯು ಈ ಬಗೆಯದು. ಮೈಸೂರು ಜಿಲ್ಲಾಡಳಿತದ ತಾಣವೂ ಇದರಲ್ಲಿ ನೆಲಸಿದೆ. ಕಛೇರಿಯವರು ವಿಷಯವನ್ನು ತುಂಬುತ್ತಾರೆ. ಕಾರ್ಯಕ್ರಮದ ಗೊಡವೆ ಅವರ ಪಾಲಿಗಿಲ್ಲ. ದೋಷವೊಂದು ಕಂಡುಬಂದರೆ ಒಂದೆಡೆಯಲ್ಲಿ ತಿದ್ದಿದುದು ಎಲ್ಲ ತಾಣಗಳಿಗೂ ಮುಟ್ಟುತ್ತದೆ. ಇದರ ಲಾಭವು ಸ್ಪಷ್ಟ. ಆದರೆ ಅಚ್ಚು ಒಂದೇ ಆದಾಗ ಅದರ ದೋಷವೂ ಎಲ್ಲರದಾಗುತ್ತದೆ. ಅಲ್ಲದೆ ಶಾಸನಪಾಠ, ಪಾಠಾಂತರ, ಟಿಪ್ಪಣಿಗಳಿಗೆ ಬೇಕಾದ ವಿಶೇಷರಚನೆಗಳು ಕಛೇರಿಯ ಅಚ್ಚಿನಲ್ಲಿ ಅಡಗವು. ಆದುದರಿಂದ ವಿದ್ವತ್ಸಂಸ್ಥೆಗಳು ತಮ್ಮದೇ ತಂತ್ರಾಂಶಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ, ಅದರೊಡನೆ ಹೊಣೆಯನ್ನೂ ಹೊರಬೇಕಾಗುತ್ತದೆ.

೭. ವಿದ್ವತ್ಸಂಸ್ಥೆಗಳ ಪಾಲಿನ ಕರ್ತವ್ಯ

ಆ ಹೊಣೆಯು ಅಸಾಧ್ಯವಾದುದೇನೂ ಅಲ್ಲ. ತಂತ್ರಾಂಶದ ನವೀಕರಣವನ್ನು ಯಂತ್ರವೇ ತಾನಾಗಿ ಮಾಡುವಂತೆ ಬಿಡುವುದು ಮೊದಲನೆಯದು. ವರ್ಡ್‌ಪ್ರೆಸ್ ೨೦೧೩ರ ಅಕ್ಟೋಬರಿನ ಆವೃತ್ತಿಯಿಂದ ರಕ್ಷಣಾಸಂಬಂಧವಾದ ಸಣ್ಣ ತಿದ್ದುಪಾಟುಗಳನ್ನು ಹೀಗೆ ತಾನಾಗಿ ಅಳವಡಿಸಿಕೊಳ್ಳುತ್ತದೆ. ಬಳಸದ ಉಪಾಂಗಗಳನ್ನು ತೆಗೆದುಹಾಕುವುದು ಎರಡನೆಯದು. ಇನ್ನು ಬದಲಾಗದೆಂದು ನಿಶ್ಚಯವಾದ ಗ್ರಂಥಪಾಠಗಳನ್ನು ಕಾರ್ಯಕ್ರಮದ ಹಂಗಿಲ್ಲದ ಸಾದಾ ಪುಟಗಳಾಗಿ ಇರಿಸುವುದು ಮೂರನೆಯದು. ಕಾರ್ಯಕ್ರಮವೇ ಇಲ್ಲದ ಪುಟದಲ್ಲಿ ಕಾರ್ಯಕ್ರಮದ ದೋಷಕ್ಕೆ ಎಡೆಯಿಲ್ಲ. ತಾಣವನ್ನು ಕಟ್ಟಿದವನು ಹೊರಟುಹೋಗುವಾಗ ಗುಪ್ತಪದಗಳನ್ನೂ ಹೊಣೆಯನ್ನೂ ಇನ್ನೊಬ್ಬನಿಗೆ ಲಿಖಿತವಾಗಿ ಒಪ್ಪಿಸುವಂತೆ ನಿಯಮ ಮಾಡುವುದು ನಾಲ್ಕನೆಯದು.

ಇವೆಲ್ಲಕ್ಕಿಂತಲೂ ಗ್ರಂಥಸಂಪಾದಕರಿಗೆ ಹತ್ತಿರವಾದ ಉಪಾಯವೊಂದುಂಟು. ಯಾವ ಕಡತಕ್ಕಾದರೂ 'ಎಸ್‌ಎಚ್‌ಎ-೨೫೬' ಎಂಬ ಗಣಿತಕ್ರಮದಿಂದ ೬೪ ಅಕ್ಷರಾಂಕಗಳ ಮುದ್ರೆಯೊಂದನ್ನು ಪಡೆಯಬಹುದು. ಕಡತದಲ್ಲಿ ಒಂದು ಅನುಸ್ವಾರವು ಹೆಚ್ಚು ಕಡಮೆಯಾದರೂ ಮುದ್ರೆಯು ಸಂಪೂರ್ಣವಾಗಿ ಬೇರೆಯಾಗುತ್ತದೆ. ಪಾಠವನ್ನು ತಾಣದಲ್ಲಿ ಇರಿಸಿದ ದಿನವೇ ಅದರ ಮುದ್ರೆಯನ್ನು ತೆಗೆದು, ಮುದ್ರಿತ ಪತ್ರಿಕೆಯಲ್ಲಿಯೋ ಗ್ರಂಥಭಂಡಾರದ ದಫ್ತರದಲ್ಲಿಯೋ ದಾಖಲಿಸಿಟ್ಟರೆ, ಎಷ್ಟು ವರ್ಷಗಳ ಅನಂತರವಾದರೂ ತಾಣದ ಪಾಠವು ಅದೇ ಹೌದೋ ಅಲ್ಲವೋ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಪಾಠವು ಶುದ್ಧವೆಂದು ಈ ಮುದ್ರೆಯು ಹೇಳಲಾರದು. ಸಂಪಾದಕನು ಇಟ್ಟುದೇ ಹೌದೆಂದು ಮಾತ್ರ ಹೇಳುತ್ತದೆ. ಆದರೆ ಓಲೆಯ ಪ್ರತಿಗಳ ಕಾಲದಲ್ಲಿ ಹಲವು ಪ್ರತಿಗಳನ್ನು ಹೋಲಿಸಿ ಕಷ್ಟದಿಂದ ಸಾಧಿಸುತ್ತಿದ್ದ ಪ್ರಕ್ಷೇಪಶೋಧನೆಯ ಒಂದು ಅಂಶವು ಇದರಿಂದ ಕ್ಷಣಮಾತ್ರದಲ್ಲಿ ಸಿದ್ಧಿಸುತ್ತದೆ.

ಹೀಗೆ ಕಾಯುವವನಿಗೂ ಗ್ರಾಹಕನಿಗೂ ಪ್ರತ್ಯೇಕವಾದ ಧರ್ಮಗಳುಂಟು. ಒಬ್ಬನದನ್ನು ಇನ್ನೊಬ್ಬನು ನೆರವೇರಿಸಲಾರನು. ಗ್ರಾಹಕನು ತನ್ನ ಗದ್ದೆಯ ಬದುವನ್ನು ಭದ್ರವಾಗಿಟ್ಟುಕೊಳ್ಳತಕ್ಕದ್ದು. ಆದರೆ ಅವನು ತಪ್ಪಿದ ದಿನ ಆ ತಪ್ಪು ಅವನ ಗದ್ದೆಯಲ್ಲಿಯೇ ನಿಲ್ಲುವಂತೆ ಕಾಲುವೆಯನ್ನು ಕಟ್ಟಿರುವುದು ಕಾಯುವವನ ಕೆಲಸ. ಯಾವ ಸಂಸ್ಥೆಯು ತನ್ನ ಸಂಗ್ರಹವನ್ನು ಹಂಚಿಕೆಯ ಸರ್ವರಿಗೆ ಒಪ್ಪಿಸಬೇಕೆಂದಿರುವುದೋ ಅದು ಬಾಡಿಗೆಯನ್ನು ವಿಚಾರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳುವುದೊಳ್ಳೆಯದು: ಪ್ರತಿಯೊಬ್ಬ ಗ್ರಾಹಕನ ಕಾರ್ಯಕ್ರಮವೂ ಅವನ ಹೆಸರಿನಿಂದಲೇ ನಡೆಯುವುದೇ? ವ್ಯವಸ್ಥೆಯ ತಿರುಳನ್ನು ನವೀಕರಿಸಿ ಎಷ್ಟು ದಿನಗಳಾದುವು? ತೆಗೆದಿಟ್ಟ ಪ್ರತಿಯಿಂದ ತಾಣವನ್ನು ಮತ್ತೆ ನಿಲ್ಲಿಸಿ ನೋಡಿದ ಅನುಭವವುಂಟೇ? ಇವುಗಳಿಗೆ ದೊರೆಯುವ ಉತ್ತರದಿಂದ ಆ ಆಶ್ರಯದ ಯೋಗ್ಯತೆಯನ್ನು ಬಹುಮಟ್ಟಿಗೆ ನಿರ್ಣಯಿಸಬಹುದು.